ಹಡಗಿನ ಕಮಾಂಡರ್ ದ್ವೀಪದ ಆಡಳಿತಗಾರನಾದಾಗ: ಅಡ್ಮಿರಲ್ ಡಿ.ಕೆ. ಜೋಶಿ ಬಗ್ಗೆ ಮಾತಾಡೋಣ ಬನ್ನಿ

ಕಡಲತಡಿ

ಅಂಡಮಾನ್ ಅಂದ ತಕ್ಷಣ ನಾವು ಪ್ಯಾಕೇಜ್ ಟೂರ್, ಸೆಲ್ಯುಲಾರ್ ಜೈಲು, ಸ್ಕೂಬಾ ಅಂತ ಮಾತು ಶುರು ಮಾಡುತ್ತೇವೆ. ಆ ದ್ವೀಪಗಳ ಆಡಳಿತ ಯಾರ ಕೈಲಿದೆ ಅಂತ ಕೇಳಿದರೆ ಬಹಳ ಜನಕ್ಕೆ ಹೆಸರು ಹೊಳೆಯುವುದಿಲ್ಲ. 2017ರ ಅಕ್ಟೋಬರ್ 8ರಂದು ಅಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿ ಪ್ರಮಾಣವಚನ ತೆಗೆದುಕೊಂಡವರು ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ದೇವೇಂದ್ರ ಕುಮಾರ್ ಜೋಶಿ. ಐದು ವರ್ಷ ದಾಟಿದ ಮೇಲೂ ಅವರೇ ಮುಂದುವರಿದರು.

ಅವರ ಹಾದಿ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು 1954ರಲ್ಲಿ, ಅಲ್ಮೋರಾದಲ್ಲಿ. ಗುಡ್ಡಗಾಡಿನ ಊರು, ಸಮುದ್ರ ಎಲ್ಲೋ ದೂರ. 1974ರಲ್ಲಿ ನೌಕಾಪಡೆಗೆ ಅಧಿಕಾರಿಯಾಗಿ ಸೇರಿದರು. ನೀರಿನಡಿಯ ಶತ್ರು ಸಬ್‌ಮರೀನ್‌ಗಳನ್ನು ಪತ್ತೆಹಚ್ಚಿ ಎದುರಿಸುವ ವಿದ್ಯೆಯಲ್ಲಿ ಪರಿಣತರಾದರು. ಮೊದಲು ಐಎನ್‌ಎಸ್ ಕುಠಾರ್, ಆಮೇಲೆ ರಣವೀರ್, ಆಮೇಲೆ ವಿಮಾನವಾಹಕ ನೌಕೆ ವಿರಾಟ್. ಸಣ್ಣ ಹಡಗಿನಿಂದ ಹಿಡಿದು ಸಾವಿರಕ್ಕೂ ಜಾಸ್ತಿ ಜನ ಇರುವ ಹಡಗಿನವರೆಗೆ ಕಮಾಂಡ್ ಮಾಡಿದವರು. ನಡುವೆ ಸಿಂಗಪುರದಲ್ಲಿ ರಕ್ಷಣಾ ಸಲಹೆಗಾರರಾಗಿದ್ದರು. ಪೂರ್ವ ನೌಕಾತಂಡವನ್ನು ಮುನ್ನಡೆಸಿದರು.

ನನಗೆ ಮುಖ್ಯ ಅನ್ನಿಸಿದ್ದು ಇದು. ಅವರು ಅಂಡಮಾನ್ ನಿಕೋಬಾರ್ ಕಮಾಂಡ್‌ನ ಮುಖ್ಯಸ್ಥರಾಗಿಯೂ ಇದ್ದರು. 2001ರಲ್ಲಿ ಶುರುವಾದ, ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಟ್ಟಿಗಿರುವ ಕಮಾಂಡ್ ಅದು. ಆಮೇಲೆ ದೆಹಲಿಯಲ್ಲಿ ಮೂರೂ ಪಡೆಗಳ ಸಮನ್ವಯ ನೋಡುವ ಹುದ್ದೆ. ಅಂದರೆ ಆ ದ್ವೀಪಗಳನ್ನು ಒಮ್ಮೆ ಸೈನಿಕನ ಕುರ್ಚಿಯಿಂದ ನೋಡಿದರು, ಒಮ್ಮೆ ದೆಹಲಿಯಿಂದ ನೋಡಿದರು, ಕೊನೆಗೆ ರಾಜನಿವಾಸದಿಂದ ನೋಡಿದರು. ಇಷ್ಟು ಸಿದ್ಧತೆ ಇದ್ದು ಅಲ್ಲಿಗೆ ಹೋದ ಇನ್ನೊಬ್ಬ ಆಡಳಿತಗಾರ ನನಗೆ ಹೊಳೆಯುತ್ತಿಲ್ಲ.

2012ರ ಆಗಸ್ಟ್ 31ರಂದು ನೌಕಾಪಡೆ ಮುಖ್ಯಸ್ಥರಾದರು. 2014ರ ಫೆಬ್ರವರಿ 26ರಂದು ರಾಜೀನಾಮೆ ಕೊಟ್ಟರು. ಅವಧಿ ಇನ್ನೂ ಒಂದೂವರೆ ವರ್ಷ ಉಳಿದಿತ್ತು.

ನನ್ನ ಪ್ರಶ್ನೆ: ಅಧಿಕಾರ ಇಲ್ಲದ ಕಡೆ ಹೊಣೆ ಹೊತ್ತು ಹೊರನಡೆದ ಮನುಷ್ಯ, ಬಹುಪಾಲು ಅಧಿಕಾರ ಒಂದೇ ಕಡೆ ಸೇರಿರುವ ಹುದ್ದೆಗೆ ಬಂದಾಗ ಏನಾಯಿತು? ಗೊತ್ತಿದ್ದವರು ಹೇಳಿ.

ಹಳೇ ನಾವಿಕ, ಕಾರವಾರ

ನಾನು ಜೋಶಿಯವರ ಕೈಕೆಳಗೆ ಕೆಲಸ ಮಾಡಿದವನಲ್ಲ. ಆದರೆ ಅದೇ ಪಡೆಯ ಅನ್ನ ಉಂಡವನು. ರಾಜೀನಾಮೆ ವಿಷಯ ಬಂದಿದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2013ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಆ ತಿಂಗಳ 10ಕ್ಕೆ ಅರಿಹಂತ್ ಅಣು ಸಬ್‌ಮರೀನ್‌ನ ರಿಯಾಕ್ಟರ್ ಚಾಲೂ ಆಯಿತು. 12ಕ್ಕೆ ಕೊಚ್ಚಿಯಲ್ಲಿ ನಮ್ಮದೇ ವಿಮಾನವಾಹಕ ವಿಕ್ರಾಂತ್ ನೀರಿಗಿಳಿಯಿತು. ಪಡೆಯಲ್ಲಿದ್ದವರು, ನಿವೃತ್ತರಾದವರು ಎಲ್ಲರೂ ಎದೆಯುಬ್ಬಿಸಿ ಓಡಾಡಿದ ದಿನಗಳು ಅವು. ಎರಡೇ ದಿನ. 14ರ ನಡುರಾತ್ರಿ ಕಳೆಯುತ್ತಿದ್ದ ಹಾಗೆ ಮುಂಬೈ ಡಾಕ್‌ಯಾರ್ಡ್‌ನಲ್ಲಿ ಕಟ್ಟಿ ನಿಲ್ಲಿಸಿದ್ದ ಸಿಂಧುರಕ್ಷಕ್ ಸಿಡಿಯಿತು. ಒಳಗಿದ್ದ 18 ಜನರೂ ಹೋದರು. ರಷ್ಯಾದಲ್ಲಿ ಪೂರ್ತಿ ರಿಪೇರಿಯಾಗಿ ಅದೇ ವರ್ಷ ವಾಪಸ್ ಬಂದಿದ್ದ ಸಬ್‌ಮರೀನ್ ಅದು.

ಅಲ್ಲಿಂದ ಮುಂದೆ ಒಂದಾದ ಮೇಲೊಂದು. ಯುದ್ಧನೌಕೆ ತಲ್ವಾರ್ ಒಂದು ಮೀನುಗಾರಿಕೆ ದೋಣಿಗೆ ಗುದ್ದಿತು. ಕೊಂಕಣ್ ಅನ್ನುವ ನೌಕೆಯಲ್ಲಿ ಬೆಂಕಿ. ಹೊಸ ವರ್ಷ ಬಂದ ಮೇಲೆ ಬೇತ್ವಾ ಯುದ್ಧನೌಕೆಗೂ ಹಾನಿ. ಕೊನೆಗೆ ಫೆಬ್ರವರಿ 26ರ ಬೆಳಗ್ಗೆ ಮುಂಬೈ ಹೊರಗಿನ ಸಮುದ್ರದಲ್ಲಿ ಸಿಂಧುರತ್ನ. ರಿಪೇರಿ ಮುಗಿಸಿ ಪರೀಕ್ಷೆಗೆ ಹೋಗಿದ್ದಾಗ ಒಳಗಡೆ ಹೊಗೆ ತುಂಬಿತು. ಸಬ್‌ಮರೀನ್ ಒಳಗೆ ಹೊಗೆ ಅಂದರೆ ಏನು ಅಂತ ಹೊರಗಿನವರಿಗೆ ಅಂದಾಜು ಸಿಗುವುದಿಲ್ಲ. ಕಿಟಕಿ ಇಲ್ಲ, ಓಡಿಹೋಗಲು ಜಾಗ ಇಲ್ಲ. ಒಂದು ವಿಭಾಗಕ್ಕೆ ಬೆಂಕಿ ತಗುಲಿದರೆ ಮಿಕ್ಕವರನ್ನು ಉಳಿಸಲು ಆ ವಿಭಾಗದ ಬಾಗಿಲನ್ನೇ ಬಿಗಿಯಾಗಿ ಮುಚ್ಚಬೇಕು. ಲೆಫ್ಟಿನೆಂಟ್ ಕಮಾಂಡರ್ ಮನೋರಂಜನ್ ಕುಮಾರ್ ಮತ್ತು ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್ ಅಲ್ಲೇ ಉಳಿದರು. ಈ ಎರಡು ಹೆಸರು ಯಾರೂ ಮರೆಯಬಾರದು.

ಅವತ್ತೇ ಜೋಶಿ ರಾಜೀನಾಮೆ ಕೊಟ್ಟರು. ಹಿಂದಿನ ತಿಂಗಳುಗಳ ಅವಘಡಗಳಿಗೆ ನೈತಿಕ ಹೊಣೆ ಹೊತ್ತು. ಆಗಿನ ರಕ್ಷಣಾ ಮಂತ್ರಿ ಎ.ಕೆ. ಆಂಟನಿ ಅವರ ಸರ್ಕಾರ ಅವತ್ತೇ ಒಪ್ಪಿಕೊಂಡಿತು.

ನಾವು ಕೆಲವರು ಅವತ್ತು ಫೋನ್‌ನಲ್ಲಿ ಮಾತಾಡಿಕೊಂಡೆವು. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಹೋಗಬಾರದಿತ್ತು, ನಿಂತು ಸರಿಮಾಡಬೇಕಿತ್ತು ಅಂದವರೂ ಇದ್ದರು. ನನಗೆ ಮಾತ್ರ ಮನಸ್ಸು ತುಂಬಿ ಬಂತು. ಹಡಗಿನಲ್ಲಿ ಏನಾದರೂ ಅದು ಕ್ಯಾಪ್ಟನ್ ಹೊಣೆ. ಅವನು ಮಲಗಿದ್ದಾಗ ಆದರೂ ಅವನದೇ. ನಮಗೆ ಹೇಳಿಕೊಟ್ಟ ಮೊದಲ ಪಾಠ ಅದು. ಅದನ್ನು ಪಡೆಯ ತುದಿಯಲ್ಲಿ ಕೂತವರೂ ಪಾಲಿಸಿದರು.

ಕಡಲತಡಿ

ಸರ್, ಧನ್ಯವಾದ. ಒಂದು ಸೇರಿಸುತ್ತೇನೆ. ಆಮೇಲೆ ಅದೇ ವರ್ಷ ಅವರು ಟಿವಿ ಸಂದರ್ಶನದಲ್ಲಿ ಮನಬಿಚ್ಚಿ ಮಾತಾಡಿದರು. ಅಧಿಕಾರ ಇರುವ ಕಡೆ ಹೊಣೆ ಇಲ್ಲ, ಹೊಣೆ ಇರುವ ಕಡೆ ಅಧಿಕಾರ ಇಲ್ಲ ಅನ್ನುವುದು ಅವರ ಮಾತಿನ ಸಾರ. ದೇಶದಲ್ಲೇ ಸಿಗುವ ಸಬ್‌ಮರೀನ್ ಬ್ಯಾಟರಿ ಬದಲಿಸಲು, ಇಲ್ಲಿನ ಯಾರ್ಡ್‌ಗಳಲ್ಲೇ ಹಡಗು ರಿಪೇರಿಗೆ ಹಾಕಲು ಕೂಡ ಒಪ್ಪಿಗೆ ಕೊಡುವ ಕೈ ಬೇರೆ, ಅವಘಡ ಆದಾಗ ಉತ್ತರ ಹೇಳುವ ಬಾಯಿ ಬೇರೆ. ಇದೇ ಅವರ ದೂರು.

ಕೊಡಗಿನವಳು

ಈ ಚರ್ಚೆಯಲ್ಲಿ ನಮ್ಮ ಜನರಲ್ ತಿಮ್ಮಯ್ಯನವರ ಹೆಸರು ಬರಲೇಬೇಕು. 1959ರಲ್ಲಿ ಅವರು ಭೂಸೇನೆ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಆಗದೆ ರಾಜೀನಾಮೆ ಕೊಟ್ಟರು. ನೆಹರು ಕರೆದು ಮಾತಾಡಿದರು, ತಿಮ್ಮಯ್ಯ ವಾಪಸ್ ತೆಗೆದುಕೊಂಡರು. ಅದಾದ ಮೇಲೆ ಸಂಸತ್ತಿನಲ್ಲಿ ಅವರಿಗೆ ಮುಜುಗರವಾಗುವ ಹಾಗೆ ಮಾತು ಬಂತು. ನಮ್ಮ ಕಡೆ ಹಿರಿಯರು ಇವತ್ತಿಗೂ ಇದನ್ನು ನೋವಿನಿಂದಲೇ ಹೇಳುತ್ತಾರೆ.

ಜೋಶಿಯವರದು ಬೇರೆ ಥರ. ಅವರನ್ನು ಯಾರೂ ಉಳಿಸಿಕೊಳ್ಳಲು ನೋಡಲಿಲ್ಲ, ಅವರೂ ತಿರುಗಿ ನೋಡಲಿಲ್ಲ. 1998ರಲ್ಲಿ ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ಸರ್ಕಾರವೇ ತೆಗೆದುಹಾಕಿತ್ತು. ಅದೂ ಬೇರೆ.

ತಿಮ್ಮಯ್ಯನವರ ಬದುಕಿನ ಕೊನೆಯ ಅಧ್ಯಾಯವೂ ಒಂದು ದ್ವೀಪದ್ದೇ. ನಿವೃತ್ತಿಯಾದ ಮೇಲೆ 1964ರಲ್ಲಿ ಸೈಪ್ರಸ್‌ಗೆ ಹೋಗಿ ವಿಶ್ವಸಂಸ್ಥೆಯ ಶಾಂತಿಪಡೆ ಮುನ್ನಡೆಸಿದರು. ಗ್ರೀಕರು, ತುರ್ಕರ ನಡುವೆ ನಿಲ್ಲುವ ಕೆಲಸ. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಅಲ್ಲಿ ಅವರು ಆಳಲು ಹೋದವರಲ್ಲ, ಜಗಳ ತಡೆಯಲು ಹೋದವರು. ಜನ ಹಾಗಾಗಿ ನೆನೆದರು ಅಂತ ನನ್ನ ಭಾವನೆ.

ದ್ವೀಪದ ಸೊಸೆ

ನಮಸ್ಕಾರ. ನಾನು ದಾವಣಗೆರೆಯವಳು, ಮದುವೆಯಾಗಿ ಬಂದು ಪೋರ್ಟ್‌ಬ್ಲೇರ್‌ನಲ್ಲಿ ನೆಲೆಸಿದ್ದೇನೆ. 2024ರ ಸೆಪ್ಟೆಂಬರ್‌ನಿಂದ ಊರಿನ ಹೆಸರು ಶ್ರೀ ವಿಜಯಪುರಂ. ಬಾಯಲ್ಲಿ ಇನ್ನೂ ಹಳೇ ಹೆಸರೇ ಬರುತ್ತದೆ.

ನೀವು ಅಧಿಕಾರ, ಹೊಣೆ ಅಂತ ಮಾತಾಡುತ್ತಿದ್ದೀರಿ. ನಾನು ಇಲ್ಲಿ ದಿನ ಹೇಗೆ ಕಳೆಯುತ್ತದೆ ಅಂತ ಹೇಳುತ್ತೇನೆ.

ಮೊದಲು ಇಂಟರ್ನೆಟ್. 2020ಕ್ಕೆ ಮುಂಚೆ ಎಲ್ಲ ಸ್ಯಾಟಲೈಟ್ ಮೂಲಕ. ಅಮ್ಮನ ಜೊತೆ ವಿಡಿಯೋ ಕಾಲ್ ಅನ್ನುವುದು ಕನಸು. ಮಗಳ ಅರ್ಜಿ ಆನ್‌ಲೈನ್ ಹಾಕಬೇಕು ಅಂದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂರುತ್ತಿದ್ದೆವು. ಮುಕ್ಕಾಲು ಭಾಗ ಹೋಗಿ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. 2020ರ ಆಗಸ್ಟ್ 10ರಂದು ಚೆನ್ನೈಯಿಂದ ಸಮುದ್ರದಡಿ ಎಳೆದ ಕೇಬಲ್ ಶುರುವಾಯಿತು. ಸುಮಾರು 2,300 ಕಿಲೋಮೀಟರ್ ಉದ್ದ. ಪೋರ್ಟ್‌ಬ್ಲೇರ್ ಅಲ್ಲದೆ ಸ್ವರಾಜ್ ದ್ವೀಪ, ರಂಗತ್, ಲಿಟ್ಲ್ ಅಂಡಮಾನ್, ಕಾರ್ ನಿಕೋಬಾರ್, ಕಮೋರ್ತಾ, ಗ್ರೇಟ್ ನಿಕೋಬಾರ್‌ವರೆಗೂ ಹೋಯಿತು. ಆ ವಾರ ನಾನು ಅಮ್ಮನ ಮುಖ ಫೋನ್‌ನಲ್ಲಿ ಸರಿಯಾಗಿ ನೋಡಿದೆ. ಇಬ್ಬರೂ ಅತ್ತೆವು. ಅದರ ಹಿಂದೆ ಕೇಂದ್ರ ಸರ್ಕಾರ, ಬಿಎಸ್‌ಎನ್‌ಎಲ್ ಎಲ್ಲ ಇದ್ದರು. ಆದರೆ ಕೆಲಸ ಆಗಿದ್ದು ಇವರ ಕಾಲದಲ್ಲಿ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಇನ್ನು ಹಡಗು. ಮೇನ್‌ಲ್ಯಾಂಡ್ ಜನಕ್ಕೆ ಬಸ್ಸು ಇದ್ದ ಹಾಗೆ ನಮಗೆ ಹಡಗು. ಫೀನಿಕ್ಸ್ ಬೇ ಜೆಟ್ಟಿಯಲ್ಲಿ ಬೆಳಗ್ಗೆ ಬೇಗ ಹೋಗಿ ನಿಂತರೆ ನಿಮಗೆ ಈ ದ್ವೀಪ ಅರ್ಥವಾಗುತ್ತದೆ. ಕ್ಯಾಂಪ್‌ಬೆಲ್ ಬೇಗೆ ಹೋಗುವ ನಿಕೋಬಾರಿ ಕುಟುಂಬ, ಆಪರೇಷನ್ ಮುಗಿಸಿ ಹಟ್‌ಬೇಗೆ ವಾಪಸ್ ಹೊರಟ ಬಂಗಾಳಿ ಅಜ್ಜ, ಕೋಳಿಮರಿ ಡಬ್ಬ ಹಿಡಿದ ತಮಿಳು ವ್ಯಾಪಾರಿ, ರಜೆಗೆ ಹೊರಟ ರಾಂಚಿ ಕಡೆಯ ಹುಡುಗರು. ಸಮುದ್ರ ಕೆರಳಿದರೆ ಹಡಗು ಇಲ್ಲ. ಹಡಗು ರಿಪೇರಿಗೆ ಅಂತ ಡ್ರೈಡಾಕ್‌ಗೆ ಹೋದರೆ ವಾರಗಟ್ಟಲೆ ಟಿಕೆಟ್ ಸಿಗುವುದಿಲ್ಲ. ನನ್ನ ಮಾವನನ್ನು ಚಿಕಿತ್ಸೆಗೆ ಕರೆತರುವಾಗ ಎರಡು ಸಲ ಹಡಗು ರದ್ದಾಗಿ, ಆ ಮುದುಕರು ಜೆಟ್ಟಿ ಶೆಡ್‌ನಲ್ಲೇ ಚಾಪೆ ಹಾಸಿ ಮಲಗಿದ್ದರು. ಹೆಲಿಕಾಪ್ಟರ್ ಸೀಟಿಗೂ ಕಾಯಬೇಕು.

ನೌಕಾಪಡೆಯವರು ಬಂದಿದ್ದಾರೆ, ಹಡಗಿನ ವಿಷಯ ಇವರಿಗೆ ಹೇಳಿಕೊಡಬೇಕಾಗಿಲ್ಲ ಅಂತ ಇಲ್ಲಿ ಎಲ್ಲರಿಗೂ ಬಹಳ ಆಸೆ ಇತ್ತು. ಏರ್‌ಪೋರ್ಟ್‌ನ ಹೊಸ ಟರ್ಮಿನಲ್ 2023ರ ಜುಲೈಯಲ್ಲಿ ಬಂತು, ಚೆನ್ನಾಗಿದೆ. ಪ್ರವಾಸಿಗರಿಗೆ ಖಾಸಗಿ ವೇಗದ ಬೋಟು ಇವೆ. ಊರಿನವರು ಓಡಾಡುವ ಹಡಗಿನ ಕಷ್ಟ ಮಾತ್ರ ಪೂರ್ತಿ ತೀರಿಲ್ಲ. ನಾನು ಬೈಯಲು ಹೇಳುತ್ತಿಲ್ಲ. ಇದ್ದದ್ದು ಹೇಳುತ್ತಿದ್ದೇನೆ.

ಹಳೇ ನಾವಿಕ, ಕಾರವಾರ

ಅಕ್ಕಾ, ನೀವು ಬರೆದಿದ್ದು ಓದಿ ಸಂಕಟ ಆಯಿತು. ಒಂದು ಮಾತು. ಯುದ್ಧನೌಕೆ ಓಡಿಸುವುದು, ಪ್ಯಾಸೆಂಜರ್ ಹಡಗಿನ ಸೇವೆ ನಡೆಸುವುದು ಎರಡೂ ಬೇರೆ ಬೇರೆ ಕೆಲಸ. ಯುದ್ಧನೌಕೆಗೆ ಬಿಡಿಭಾಗ, ಜನ, ಡಾಕ್ ಎಲ್ಲದರಲ್ಲೂ ಮೊದಲ ಪಾಳಿ ಸಿಗುತ್ತದೆ. ದ್ವೀಪದ ಫೆರ್ರಿಗೆ ಹಾಗಲ್ಲ. ಟೆಂಡರ್, ಸರ್ವೇ ಸರ್ಟಿಫಿಕೇಟ್, ಡ್ರೈಡಾಕ್ ಪಾಳಿ, ನಾವಿಕರ ನೇಮಕ ಎಲ್ಲದಕ್ಕೂ ಕಡತ ಓಡಾಡಬೇಕು. ಅಡ್ಮಿರಲ್ ದೂರಿದ್ದೇ ಇಂಥ ಕಡತದ ಓಡಾಟದ ಮೇಲೆ ಅಲ್ವಾ? ಅಲ್ಲಿ ಹೋಗಿ ನೋಡಿದರೆ ಅದೇ ಅವರ ಮುಂದೆ ಕೂತಿರುತ್ತದೆ.

ಅವರ ಪರವಾಗಿ ಇನ್ನೊಂದು. ವಿಮಾನವಾಹಕ ನೌಕೆ ವಿಕ್ರಮಾದಿತ್ಯವನ್ನು ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ಪಡೆಗೆ ಸೇರಿಸಿಕೊಂಡಿದ್ದು 2013ರ ನವೆಂಬರ್ 16, ಇವರ ಅವಧಿಯಲ್ಲೇ. ವರ್ಷಗಟ್ಟಲೆ ತಡ, ದರದ ಜಗ್ಗಾಟ ಎಲ್ಲ ಮುಗಿದು 2014ರ ಜನವರಿಯಲ್ಲಿ ಆ ಹಡಗು ನಮ್ಮ ಕಾರವಾರಕ್ಕೆ ಬಂತು. ಕದಂಬ ನೌಕಾನೆಲೆಯ ಬಂದರಿನಲ್ಲಿ ಅದು ಮೊದಲ ಸಲ ನಿಂತಾಗ ಇಲ್ಲಿನ ಬೆಸ್ತರು ಕೂಡ ದೋಣಿಯಲ್ಲಿ ಎದ್ದು ನಿಂತು ನೋಡಿದರು. ಆ ನೆಲೆಗಾಗಿ ಊರು, ಗದ್ದೆ ಬಿಟ್ಟುಕೊಟ್ಟ ಜನ ಇವರು. ಪರಿಹಾರಕ್ಕೆ ಎಷ್ಟು ವರ್ಷ ಕಾದರು ಅನ್ನುವುದು ಉತ್ತರ ಕನ್ನಡದವರಿಗೆ ಗೊತ್ತು.

ಕಾಡುಪಾಪ

ನಾವಿಕ ಸರ್ ಕೊನೆಗೆ ಹೇಳಿದ ಮಾತಿನಿಂದಲೇ ನಾನು ಶುರು ಮಾಡುತ್ತೇನೆ. ಊರು ಬಿಟ್ಟುಕೊಟ್ಟವರ ಮಾತು.

ಗ್ರೇಟ್ ನಿಕೋಬಾರ್ ಯೋಜನೆ ಬಗ್ಗೆ ಮಾತಾಡದೆ ಈ ಲೆಫ್ಟಿನೆಂಟ್ ಗವರ್ನರ್ ಅವಧಿ ಬಗ್ಗೆ ಮಾತಾಡಲು ಆಗುವುದಿಲ್ಲ. ದೇಶದ ತೆಂಕಣ ತುದಿಯ ದ್ವೀಪ. ಸುಮಾರು 910 ಚದರ ಕಿಲೋಮೀಟರ್. ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಕಂಟೇನರ್ ಬಂದರು, ಜೊತೆಗೆ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಟೌನ್‌ಶಿಪ್. ಆರಂಭದಲ್ಲಿ ಹೇಳಿದ ವೆಚ್ಚವೇ ಸುಮಾರು 72,000 ಕೋಟಿ ರೂಪಾಯಿ. ಅದಕ್ಕೆ ಬಿಟ್ಟುಕೊಡುವ ಕಾಡು ಸುಮಾರು 130 ಚದರ ಕಿಲೋಮೀಟರ್. ಅದೇ ಗಲಾಥಿಯಾ ಕೊಲ್ಲಿಯ ಮರಳಿನಲ್ಲಿ ಲೆದರ್‌ಬ್ಯಾಕ್ ಅನ್ನುವ ದೈತ್ಯ ಕಡಲಾಮೆ ಮೊಟ್ಟೆ ಇಡುತ್ತದೆ. ಅಲ್ಲಿದ್ದ ವನ್ಯಜೀವಿ ಧಾಮದ ಸ್ಥಾನಮಾನವನ್ನು 2021ರ ಜನವರಿಯಲ್ಲಿ ತೆಗೆದುಹಾಕಿದರು. 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು.

ಆ ಕಾಡಿನೊಳಗೆ ಶೊಂಪೆನ್ ಜನ ಇದ್ದಾರೆ. 2011ರ ಜನಗಣತಿಯಲ್ಲಿ 229 ಜನ. ಹೊರಗಿನವರ ಸಂಪರ್ಕ ಬಹಳ ಕಡಿಮೆ. ಅವರು ಯಾವ ಸಭೆಗೆ ಬಂದು ಒಪ್ಪಿಗೆ ಹೇಳುತ್ತಾರೆ?

ಕರಾವಳಿಯ ನಿಕೋಬಾರಿಗಳ ಕಥೆ ಇನ್ನೂ ಕರುಳು ಹಿಂಡುತ್ತದೆ. 2004ರ ಸುನಾಮಿಯಲ್ಲಿ ಅವರ ಊರುಗಳು ಕೊಚ್ಚಿಹೋದವು. ಇಂದಿರಾ ಪಾಯಿಂಟ್ ನೆಲವೇ ನಾಲ್ಕು ಮೀಟರ್‌ಗೂ ಜಾಸ್ತಿ ಕುಸಿಯಿತು, ದೀಪಸ್ತಂಭದ ಬುಡ ನೀರಲ್ಲಿ ನಿಂತಿತು. ಉಳಿದವರನ್ನು ಕ್ಯಾಂಪ್‌ಬೆಲ್ ಬೇ ಹತ್ತಿರದ ಸರ್ಕಾರಿ ಮನೆಗಳಲ್ಲಿ ಇಟ್ಟರು. ಅವರು ವರ್ಷಗಳಿಂದ ಕೇಳುತ್ತಿರುವುದು ಒಂದೇ, ನಮ್ಮ ಹಳೇ ಊರಿಗೆ ಹೋಗಲು ಬಿಡಿ. 2022ರ ಆಗಸ್ಟ್‌ನಲ್ಲಿ ಅವರ ಬುಡಕಟ್ಟು ಮಂಡಳಿ ಯೋಜನೆಗೆ ಒಪ್ಪಿಗೆ ಪತ್ರ ಕೊಟ್ಟಿತ್ತು. ಆ ಜಾಗದಲ್ಲಿ ತಮ್ಮ ಪೂರ್ವಜರ ಊರುಗಳೂ ಸೇರಿವೆ ಅಂತ ಗೊತ್ತಾದ ಮೇಲೆ ಅದೇ ನವೆಂಬರ್‌ನಲ್ಲಿ ಆ ಪತ್ರ ವಾಪಸ್ ಪಡೆಯಿತು. ಯೋಜನೆ ಮಾತ್ರ ನಿಲ್ಲಲಿಲ್ಲ.

ಹಡಗಿನಲ್ಲಿ ಎಲ್ಲವೂ ಕ್ಯಾಪ್ಟನ್ ಹೊಣೆ ಅಂದಿರಿ ಸರ್. ಹಾಗಾದರೆ ಇದು ಯಾರ ಹೊಣೆ?

ಹಳೇ ನಾವಿಕ, ಕಾರವಾರ

ಪ್ರಶ್ನೆ ನ್ಯಾಯವಾದದ್ದೇ. ಆದರೆ ನಕ್ಷೆ ತೆಗೆದು ನೋಡಿ. ಮಲಕ್ಕಾ ಜಲಸಂಧಿಯಿಂದ ಪಶ್ಚಿಮಕ್ಕೆ ಹೊರಬರುವ ಹಡಗುಗಳಲ್ಲಿ ಬಹುಪಾಲು ಗ್ರೇಟ್ ನಿಕೋಬಾರ್ ಪಕ್ಕದಿಂದಲೇ ಹೋಗುತ್ತವೆ. ಅದಕ್ಕೇ 2012ರಲ್ಲಿ ಕ್ಯಾಂಪ್‌ಬೆಲ್ ಬೇಯಲ್ಲಿ ಐಎನ್‌ಎಸ್ ಬಾಜ್ ನೆಲೆ ಶುರುವಾಗಿದ್ದು. ನೌಕಾಪಡೆಯಲ್ಲಿ ಯಾರನ್ನೇ ಕೇಳಿ, ಆ ದ್ವೀಪದಲ್ಲಿ ನಮಗೆ ಕಾಲೂರಲು ಗಟ್ಟಿ ನೆಲೆ ಬೇಕು ಅಂತಲೇ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ. ನಿಲ್ಲಲು ರನ್‌ವೇ, ಜೆಟ್ಟಿ, ಇಂಧನ ಬೇಕು.

ಕಾಡುಪಾಪ

ರನ್‌ವೇ ಬೇಕು, ಒಪ್ಪಿದೆ. ಬಾಜ್ ಈಗಲೇ ಇದೆ, ಅದನ್ನು ಬೆಳೆಸಿ. ಟೌನ್‌ಶಿಪ್‌ಗೂ ಸಬ್‌ಮರೀನ್‌ಗೂ ಏನು ಸಂಬಂಧ ಸರ್? ರಕ್ಷಣೆಗೆ ಬೇಕಾದ ಜಾಗ ಎಷ್ಟು, ವ್ಯಾಪಾರಕ್ಕೆ ಬೇಕಾದ ಜಾಗ ಎಷ್ಟು ಅಂತ ಬಿಡಿಸಿ ಹೇಳಬೇಕಾದವರು ಆ ದ್ವೀಪವನ್ನು ಸೈನಿಕರಾಗಿ ಬಲ್ಲವರೇ. ಜೋಶಿಯವರಿಗಿಂತ ಚೆನ್ನಾಗಿ ಅದನ್ನು ಹೇಳಬಲ್ಲವರು ಬೇರೆ ಯಾರಿದ್ದಾರೆ? ನನ್ನ ಬೇಸರ ಇರುವುದು ಅಲ್ಲಿ.

ಹಳೇ ನಾವಿಕ, ಕಾರವಾರ

ಟೌನ್‌ಶಿಪ್ ವಿಷಯದಲ್ಲಿ ನನಗೆ ನಿಮ್ಮ ಮಾತಿಗೆ ಎದುರು ಹೇಳಲು ಏನೂ ಇಲ್ಲ.

ಕಾಯ್ದೆ ಓದುವವ

ಯಾರ ಹೊಣೆ ಅನ್ನುವ ಪ್ರಶ್ನೆಗೆ ಕಾನೂನಿನ ಕಡೆಯಿಂದ ನೋಡೋಣ.

ಕೇಂದ್ರಾಡಳಿತ ಪ್ರದೇಶಗಳು ಎಲ್ಲ ಒಂದೇ ಥರ ಇಲ್ಲ. ದೆಹಲಿ, ಪುದುಚೇರಿ, ಜಮ್ಮು ಕಾಶ್ಮೀರಕ್ಕೆ ವಿಧಾನಸಭೆ ಇದೆ. ಅಲ್ಲಿ ಮುಖ್ಯಮಂತ್ರಿ ಇದ್ದಾರೆ, ಲೆಫ್ಟಿನೆಂಟ್ ಗವರ್ನರ್ ಜೊತೆ ಜಗಳವಾದರೂ ಪ್ರಶ್ನೆ ಕೇಳುವ ಸದನ ಒಂದಿದೆ. ಅಂಡಮಾನ್ ನಿಕೋಬಾರ್‌ಗೆ ಅದು ಇಲ್ಲ. ಲಕ್ಷದ್ವೀಪಕ್ಕೂ ಇಲ್ಲ. ಸಂವಿಧಾನದ 239ನೇ ವಿಧಿಯ ಪ್ರಕಾರ ರಾಷ್ಟ್ರಪತಿಯ ಪರವಾಗಿ ಆಡಳಿತಗಾರ ಆಳುತ್ತಾರೆ. 240ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಅಂದರೆ ಕೇಂದ್ರ ಸರ್ಕಾರವೇ ಅಲ್ಲಿಗೆ ನಿಯಮ ಮಾಡಬಹುದು, ಅದಕ್ಕೆ ಕಾಯ್ದೆಯಷ್ಟೇ ಬಲ. 1982ರವರೆಗೆ ಅಲ್ಲಿದ್ದವರನ್ನು ಚೀಫ್ ಕಮಿಷನರ್ ಅನ್ನುತ್ತಿದ್ದರು. ಆಮೇಲೆ ಲೆಫ್ಟಿನೆಂಟ್ ಗವರ್ನರ್ ಆಯಿತು. 2011ರಲ್ಲೇ 3.8 ಲಕ್ಷ ಜನಸಂಖ್ಯೆ ಇದ್ದ ಪ್ರದೇಶಕ್ಕೆ ಲೋಕಸಭೆಯಲ್ಲಿ ಒಬ್ಬರೇ ಸದಸ್ಯ. ಕೆಳಗೆ ಪಂಚಾಯತಿ, ಪುರಸಭೆ, ನಿಕೋಬಾರ್‌ನಲ್ಲಿ ಬುಡಕಟ್ಟು ಮಂಡಳಿಗಳು ಇವೆ. ನಡುವೆ ಖಾಲಿ.

ಹಾಗಂತ ಜೋಶಿ ಸರ್ವಾಧಿಕಾರಿ ಅಂತಲ್ಲ. ದ್ವೀಪಗಳ ಅಭಿವೃದ್ಧಿಗೆ 2017ರಲ್ಲಿ ಮಾಡಿದ ಸಂಸ್ಥೆಗೆ ಕೇಂದ್ರ ಗೃಹಮಂತ್ರಿ ಅಧ್ಯಕ್ಷರು, ಜೋಶಿ ಉಪಾಧ್ಯಕ್ಷರು. ಗ್ರೇಟ್ ನಿಕೋಬಾರ್ ಯೋಜನೆಯ ಚಿಂತನೆ ನೀತಿ ಆಯೋಗದ್ದು, ಅನುಮತಿಗಳು ದೆಹಲಿಯ ಸಚಿವಾಲಯದ್ದು. ನೆಲದ ಮೇಲೆ ಜಾರಿ ಮಾಡುವುದು ದ್ವೀಪದ ಆಡಳಿತದ ನಿಗಮ. ಹಾಗಾಗಿ ಕಾಡುಪಾಪ ಅವರ ಪ್ರಶ್ನೆಗೆ ಯಾರ ಬಳಿ ಹೋದರೂ ಇನ್ನೊಬ್ಬರ ಬಾಗಿಲು ತೋರಿಸಬಹುದು.

ಕೋರ್ಟು ಮಾತ್ರ ಒಮ್ಮೆ ನೇರವಾಗಿ ಅವರ ಬಾಗಿಲು ತಟ್ಟಿತು. 2023ರ ಜುಲೈ. ದ್ವೀಪದ ಆಡಳಿತದಲ್ಲಿ ದಿನಗೂಲಿ ಮಾಡುವ ಕೆಲಸಗಾರರ ವೇತನದ ವಿಷಯ. ಕೋರ್ಟು ಆದೇಶ ಕೊಟ್ಟಿತ್ತು, ಜಾರಿ ಆಗಿರಲಿಲ್ಲ. ಕಲ್ಕತ್ತಾ ಹೈಕೋರ್ಟಿನ ಪೋರ್ಟ್‌ಬ್ಲೇರ್ ಪೀಠ ನ್ಯಾಯಾಂಗ ನಿಂದನೆ ಅಂತ ಮುಖ್ಯ ಕಾರ್ಯದರ್ಶಿಯನ್ನು ಅಮಾನತು ಮಾಡಿತು. ಲೆಫ್ಟಿನೆಂಟ್ ಗವರ್ನರ್ ತಮ್ಮ ಸ್ವಂತ ಹಣದಿಂದ 5 ಲಕ್ಷ ರೂಪಾಯಿ ಕಟ್ಟಬೇಕು ಅಂತ ಹೇಳಿತು. ಸುಮಾರು ಒಂದು ವಾರದಲ್ಲಿ, ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಕೊಟ್ಟಿತು. ಆದೇಶ ಅತಿ ಕಠಿಣ ಇತ್ತು ಅಂತ ನನಗೂ ಅನ್ನಿಸುತ್ತದೆ. ಆದರೂ ಒಂದು ಯೋಚಿಸಿ. ವಿಧಾನಸಭೆ ಇದ್ದಿದ್ದರೆ ದಿನಗೂಲಿಯವರ ಸಂಬಳದ ವಿಷಯ ಅಲ್ಲೇ ಎದ್ದು, ಅಲ್ಲೇ ತೀರ್ಮಾನವಾಗುತ್ತಿತ್ತು. ಇಲ್ಲಿ ಕೂಲಿ ಮಾಡುವವರು ಹೈಕೋರ್ಟಿಗೇ ಹೋಗಬೇಕಾಯಿತು.

ದ್ವೀಪದ ಸೊಸೆ

ಆ ದಿನಗೂಲಿಯವರು ನಮ್ಮ ಪಕ್ಕದ ಮನೆಯವರೇ. ನೀರಿನ ಪೈಪು ಸರಿಮಾಡುವವರು, ರಸ್ತೆ ಕೆಲಸದವರು, ಆಫೀಸಿನಲ್ಲಿ ಕಡತ ಹೊರುವವರು. ಹತ್ತಿಪ್ಪತ್ತು ವರ್ಷದಿಂದ ದಿನಗೂಲಿಯಲ್ಲೇ ಇರುವವರಿದ್ದಾರೆ. ತೀರ್ಪು ಬಂದ ದಿನ ಅವರ ಮನೆಯಲ್ಲಿ ಪಾಯಸ ಮಾಡಿ ನಮಗೂ ಕೊಟ್ಟರು. ಲೆಫ್ಟಿನೆಂಟ್ ಗವರ್ನರ್‌ಗೆ ದಂಡ ಬಿತ್ತು ಅನ್ನುವ ಖುಷಿ ಅಲ್ಲ ಅದು. ನಮ್ಮ ಮಾತು ಯಾರೋ ಕೇಳಿಸಿಕೊಂಡರು ಅನ್ನುವ ಖುಷಿ.

ಹಳೆಯ ನಕ್ಷೆ

ಸಮುದ್ರದವರನ್ನು ದ್ವೀಪಕ್ಕೆ ಆಡಳಿತಗಾರರಾಗಿ ಕಳಿಸುವುದು ಹಳೇ ರೂಢಿ. ಪೋರ್ಟ್‌ಬ್ಲೇರ್‌ಗೆ ಆ ಹೆಸರು ಬಂದಿದ್ದೇ ಬಾಂಬೆ ಮರೀನ್ ಅನ್ನುವ ಕಂಪನಿ ನೌಕಾದಳದ ಲೆಫ್ಟಿನೆಂಟ್ ಆರ್ಚಿಬಾಲ್ಡ್ ಬ್ಲೇರ್‌ನಿಂದ. 1789ರಲ್ಲಿ ಚಾಥಮ್ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ವಸಾಹತು ಹೂಡಿದವನು ಅವನು, ಕಡಲ ಸರ್ವೇ ಮಾಡುವವನು. ಏಳೇ ವರ್ಷದಲ್ಲಿ, 1796ರಲ್ಲಿ, ಕಾಯಿಲೆ ಮತ್ತು ಸಾವಿನ ಕಾಟಕ್ಕೆ ಕಂಪನಿ ಆ ವಸಾಹತನ್ನೇ ಮುಚ್ಚಿತು.

ಅಮೆರಿಕದ ಗುವಾಮ್ ದ್ವೀಪದ ಕಥೆ ನೋಡಿ. ಸ್ಪೇನ್‌ನಿಂದ ಕಿತ್ತುಕೊಂಡ ಮೇಲೆ 1899ರಲ್ಲಿ ಕ್ಯಾಪ್ಟನ್ ರಿಚರ್ಡ್ ಲಿಯರಿ ಮೊದಲ ನೌಕಾ ಗವರ್ನರ್ ಆಗಿ ಬಂದ. ಅಲ್ಲಿಂದ ಐವತ್ತು ವರ್ಷ, ನಡುವೆ ಜಪಾನ್ ಹಿಡಿದಿದ್ದ ಕಾಲ ಬಿಟ್ಟರೆ, ನೌಕಾಪಡೆಯದೇ ಆಡಳಿತ. ಗವರ್ನರ್ ಬರೆದ ಆದೇಶವೇ ಕಾನೂನು. ಕೆಲವು ಕ್ಯಾಪ್ಟನ್‌ಗಳು ಒಳ್ಳೆಯವರು, ಆಸ್ಪತ್ರೆ ಕಟ್ಟಿದರು, ಶಾಲೆ ತೆರೆದರು. ಆದರೆ ಬದಲಾವಣೆ ಆದಾಗ ಮುಂದಿನವನು ಎಲ್ಲ ತಿರುಗುಮುರುಗು ಮಾಡಬಹುದಿತ್ತು. 1949ರಲ್ಲಿ ಅಲ್ಲಿನ ಮೂಲನಿವಾಸಿ ಚಮೊರೋ ಜನರ ಪ್ರತಿನಿಧಿಗಳು ತಮ್ಮ ಸಭೆಯಿಂದಲೇ ಎದ್ದು ಹೊರನಡೆದರು. ಸುದ್ದಿ ಅಮೆರಿಕದ ಪತ್ರಿಕೆಗಳಿಗೆ ಹೋಯಿತು. ಮರುವರ್ಷ ಆಗಸ್ಟ್ 1ಕ್ಕೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಕಾಯ್ದೆಯಿಂದ ಅವರಿಗೆ ಪೌರತ್ವ, ತಮ್ಮದೇ ಶಾಸನಸಭೆ ಸಿಕ್ಕಿತು.

ಜೋಶಿಯವರನ್ನು ಆ ಕ್ಯಾಪ್ಟನ್‌ಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಅವರು ಸಮವಸ್ತ್ರ ಕಳಚಿ ಬಂದವರು, ಸಂವಿಧಾನದ ಅಡಿಯಲ್ಲಿ ಕೂತವರು, ಕೋರ್ಟು ಕರೆಯಬಹುದಾದವರು. ಗುವಾಮ್‌ನಲ್ಲಿ ಅದ್ಯಾವುದೂ ಇರಲಿಲ್ಲ. ನಾನು ಹೇಳುತ್ತಿರುವುದು ಕುರ್ಚಿಯ ಬಗ್ಗೆ. ಕೂತವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಆ ಕುರ್ಚಿಯ ಮುಂದೆ ಚುನಾಯಿತ ಸದನ ಇಲ್ಲದಿದ್ದರೆ ಜನ ಅವರ ಒಳ್ಳೆಯತನವನ್ನೇ ನಂಬಿ ಬದುಕಬೇಕು.

ಕೊಡಗಿನವಳು

ಸೆಂಟಿನೆಲ್ ದ್ವೀಪದ ಪ್ರಕರಣವೂ ಇವರ ಕಾಲದ್ದೇ ಅಲ್ವಾ? 2018ರ ನವೆಂಬರ್. ಅಮೆರಿಕದ ಯುವಕ ಜಾನ್ ಅಲೆನ್ ಚೌ ಕಾನೂನು ಮೀರಿ, ಹೊರಗಿನವರನ್ನು ಹತ್ತಿರ ಬಿಡದ ಬುಡಕಟ್ಟು ಇರುವ ಉತ್ತರ ಸೆಂಟಿನೆಲ್‌ಗೆ ಹೋಗಿ ಸತ್ತಿದ್ದು.

ಕಾಯ್ದೆ ಓದುವವ

ಹೌದು. ಅದಕ್ಕೆ ಕೆಲವೇ ತಿಂಗಳ ಮುಂಚೆ, ಆಗಸ್ಟ್‌ನಲ್ಲಿ, ವಿದೇಶಿಯರು ವಿಶೇಷ ಪರ್ಮಿಟ್ ಇಲ್ಲದೆ ಹೋಗಬಹುದಾದ 29 ದ್ವೀಪಗಳ ಪಟ್ಟಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಆ ದ್ವೀಪವನ್ನೂ ಸೇರಿಸಿತ್ತು. ಬುಡಕಟ್ಟು ರಕ್ಷಣೆಗೆ 1956ರಲ್ಲಿ ಬಂದ ನಿಯಮ ಹಾಗೇ ಇತ್ತು, ಹತ್ತಿರ ಹೋಗುವುದು ಆಗಲೂ ಅಪರಾಧವೇ. ಆದರೂ ಆ ಪಟ್ಟಿ ತಪ್ಪು ಸೂಚನೆ ಕೊಟ್ಟಿತು ಅಂತ ಬಹಳ ಜನ ಹೇಳಿದರು. ಆಮೇಲೆ ಆಡಳಿತ ಮಾಡಿದ ಒಂದು ಕೆಲಸ ನನಗೆ ಮೆಚ್ಚುಗೆಯಾಯಿತು. ಹೆಣ ತರಲು ದ್ವೀಪಕ್ಕೆ ನುಗ್ಗಲಿಲ್ಲ. ಪೊಲೀಸರು ದೋಣಿಯಲ್ಲಿ ದೂರ ನಿಂತು ನೋಡಿ ವಾಪಸ್ ಬಂದರು. ಹೊರಗಿನ ಕಾಯಿಲೆ ಆ ಜನಕ್ಕೆ ತಗುಲಬಾರದು ಅನ್ನುವ ಎಚ್ಚರ ಅಲ್ಲಿ ಗೆದ್ದಿತು.

ಕಾಡುಪಾಪ

ಆ ಎಚ್ಚರ ಶೊಂಪೆನ್ ಜನರಿಗೂ ಸಿಗಲಿ. ಸೆಂಟಿನೆಲ್‌ನಲ್ಲಿ ಹೆಜ್ಜೆ ಇಡದ ಅದೇ ಆಡಳಿತ, ಗ್ರೇಟ್ ನಿಕೋಬಾರ್‌ನಲ್ಲೂ ಅದೇ ಅಳತೆ ಹಿಡಿಯಲಿ. ನಾನು ಕೇಳುವುದು ಇಷ್ಟೇ.

ಕಡಲತಡಿ

ಎಲ್ಲರ ಮಾತು ಓದಿದೆ. ನನ್ನ ನಿಲುವು ಹೇಳುತ್ತೇನೆ.

ಜೋಶಿಯವರ ಯೋಗ್ಯತೆ ಬಗ್ಗೆ ನನಗೆ ಅನುಮಾನ ಇಲ್ಲ. ರಾಜೀನಾಮೆ ಕೊಟ್ಟ ದಿನ ಅವರು ದೊಡ್ಡವರಾದರು. ಆದರೆ ಸಂದರ್ಶನದಲ್ಲಿ ಅವರು ಹೇಳಿದ ಮಾತನ್ನೇ ಈಗ ದ್ವೀಪದ ಜನ ತಿರುಗಿ ಕೇಳಬಹುದು. ಗ್ರೇಟ್ ನಿಕೋಬಾರ್‌ನಲ್ಲಿ ತೀರ್ಮಾನ ಒಂದು ಕಡೆ, ಜಾರಿ ಒಂದು ಕಡೆ, ಅದರ ಫಲ ಉಣ್ಣುವವರು ಇನ್ನೊಂದು ಕಡೆ. ಬ್ಯಾಟರಿ ಕಡತದ ಬಗ್ಗೆ ಅಷ್ಟು ನೋವಿನಿಂದ ಮಾತಾಡಿದವರಿಗೆ ಇದು ಕಾಣದೆ ಇರಲು ಸಾಧ್ಯವಿಲ್ಲ. ಬುಡಕಟ್ಟು ಮಂಡಳಿಯ ಪತ್ರಕ್ಕೆ ಅವರೇ ಮುಂದೆ ನಿಂತು ಉತ್ತರ ಹೇಳಬೇಕು ಅಂತ ನನ್ನ ಆಸೆ. ಅವರಿಂದ ನಾನು ಜಾಸ್ತಿ ನಿರೀಕ್ಷಿಸುವುದು ಅವರು 2014ರಲ್ಲಿ ನಡೆದುಕೊಂಡ ರೀತಿಯಿಂದಲೇ.

ಹಳೇ ನಾವಿಕ, ಕಾರವಾರ

ಅದು ಸರಿ. ವಿಧಾನಸಭೆ ಬೇಕು ಅನ್ನುವುದು ಅಲ್ಲಿನ ಹಳೇ ಬೇಡಿಕೆ ಅಂತ ಕೇಳಿದ್ದೇನೆ. ಅಕ್ಕಾ, ಈಗಲೂ ಆ ಮಾತು ಇದೆಯಾ?

ದ್ವೀಪದ ಸೊಸೆ

ಇದೆ ಅಣ್ಣ. ಎಲ್ಲ ಪಕ್ಷದವರ ಬಾಯಲ್ಲೂ ಒಂದಲ್ಲ ಒಂದು ಸಲ ಬಂದಿದೆ. ಪುದುಚೇರಿಗೆ ಇದ್ದ ಹಾಗೆ ನಮಗೂ ಕೊಡಿ ಅಂತ ಕೇಳುತ್ತಾರೆ. ನಿಕೋಬಾರಿಗಳಲ್ಲಿ ಕೆಲವರಿಗೆ ಮಾತ್ರ ಅಳುಕು. ವಿಧಾನಸಭೆ ಬಂದರೆ ಅಂಡಮಾನ್ ಕಡೆಯ ಜನಸಂಖ್ಯೆಯೇ ಜಾಸ್ತಿ, ತಮ್ಮ ಸ್ವರ ಮುಳುಗುತ್ತದೆ ಅಂತ. ಅದಕ್ಕೆ ಬುಡಕಟ್ಟು ಮಂಡಳಿಗಳಿಗೆ ಮೊದಲು ಗಟ್ಟಿ ಅಧಿಕಾರ ಕೊಡಿ ಅನ್ನುತ್ತಾರೆ. ನನಗೆ ಅವರ ಮಾತು ಸರಿ ಅನ್ನಿಸುತ್ತದೆ. ಕಾರ್ ನಿಕೋಬಾರ್‌ನ ನನ್ನ ಗೆಳತಿಯೊಬ್ಬಳು ಈ ಬಗ್ಗೆ ಚೆನ್ನಾಗಿ ಬಲ್ಲಳು. ಹಡಗು ಸಿಕ್ಕಿದರೆ ಮುಂದಿನ ವಾರ ಬರುತ್ತಾಳೆ, ನಿಮ್ಮ ಪ್ರಶ್ನೆಗಳಿದ್ದರೆ ಇಲ್ಲೇ ಹಾಕಿ, ಅವಳನ್ನು ಕೇಳಿ ಬರೆಯುತ್ತೇನೆ.